ಅಲರ್ಜಿ ನೆಗಡಿಗೆ ಉಸಿರು ಮತ್ತು ಮೂಗಿನ ನೈಟ್ರಿಕ್ ಆಕ್ಸೈಡ್: ಇಬ್ಬರಿಗೂ ಗುಣವಾಗಿದೆ, ಅಂಕಿ ಮಾತ್ರ ಒಬ್ಬರಿಗೆ ಇಳಿದು ಇನ್ನೊಬ್ಬರಿಗೆ ಏರಿದೆ, ಯಾಕೆ?

ಮೂಗುದಾರ (ಪ್ರಶ್ನೆ)

ಕರಾವಳಿಯ ಒಂದು ಇಎನ್‌ಟಿ ಕ್ಲಿನಿಕ್. ನೈಟ್ರಿಕ್ ಆಕ್ಸೈಡ್ (ಎನ್‌ಓ) ಅಳೆಯುವ, ಕೈಯಲ್ಲಿ ಹಿಡಿಯುವ ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ನ ಯಂತ್ರ ಇದೆ. ಬಾಯಿಂದ ಊದಿಸುವಾಗ ಸೆಕೆಂಡಿಗೆ 50 ಮಿ.ಲೀ., ಮೂಗಿಂದ ಎಳೆಯುವಾಗ ಸೆಕೆಂಡಿಗೆ 5 ಮಿ.ಲೀ. ವೇಗ. ಅಲರ್ಜಿ ನೆಗಡಿಯವರಿಗೆ ಮೊದಲ ಭೇಟಿಯಲ್ಲೊಮ್ಮೆ, ಸ್ಟೀರಾಯ್ಡ್ ಸ್ಪ್ರೇ ಶುರುವಾಗಿ ಆರು ವಾರಕ್ಕೊಮ್ಮೆ ಎರಡೂ ಅಳತೆ ತೆಗೆಯುತ್ತಿದ್ದೇವೆ.

ಇಬ್ಬರು ವಯಸ್ಕರ ಅಂಕಿ ನೋಡಿ. ಇಬ್ಬರಿಗೂ ಆಸ್ತಮಾ ಇಲ್ಲ, ಸಿಗರೇಟು ಇಲ್ಲ, ಆರು ವಾರಕ್ಕೆ ಸೀನು, ಸೋರಿಕೆ, ಕಟ್ಟುವಿಕೆ ಎಲ್ಲ ಚೆನ್ನಾಗಿ ಕಡಿಮೆಯಾಗಿದೆ.

ಮೊದಲನೆಯವರು: ಬಾಯಿ 42 ಇದ್ದದ್ದು 39. ಮೂಗು 980 ಇದ್ದದ್ದು 610 ಪಿಪಿಬಿ (ನೂರು ಕೋಟಿ ಭಾಗ ಗಾಳಿಯಲ್ಲಿ ಎಷ್ಟು ಭಾಗ ಎಂಬ ಲೆಕ್ಕ).
ಎರಡನೆಯವರು: ಬಾಯಿ 18 ಇದ್ದದ್ದು 16. ಮೂಗು 340 ಇದ್ದದ್ದು 790 ಪಿಪಿಬಿ.

ಸೆನ್ಸರ್ ಕೆಟ್ಟಿದೆಯಾ, ನಾವು ತೆಗೆಯುವ ಕ್ರಮ ತಪ್ಪಾ, ಅಥವಾ ಇದು ಹೀಗೇನಾ? ಡಾಕ್ಟರು ರಿಪೋರ್ಟಿನಲ್ಲಿ "ಎನ್‌ಓ ಮಟ್ಟ" ಅಂತ ಒಂದೇ ಕಾಲಂ ಕೇಳುತ್ತಿದ್ದಾರೆ. ಯಾವುದನ್ನು ಬರೆಯಲಿ? ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟ ಕೋಣೆ, ಮೂಗಿನ ಅಳತೆಗೆ ಕೆಲವರಿಗೆ ಉಸಿರು ಬಿಗಿಹಿಡಿಯಲು ಹೇಳುತ್ತೇವೆ, ಕೆಲವರಿಗೆ ಮೆಲ್ಲಗೆ ಊದಲು.

ಶ್ವಾಸನಾಳ

ಸೆನ್ಸರ್ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ಎರಡೂ ಅಂಕಿ ಸರಿಯೇ ಇರಬಹುದು, ಎರಡೂ ಕಡೆ ಗುಣವೂ ಆಗಿರಬಹುದು.

ಬಾಯಿಂದ ಬರುವ ಎನ್‌ಓ ಮತ್ತು ಮೂಗಿಂದ ಬರುವ ಎನ್‌ಓ ಒಂದೇ ಅನಿಲ, ಆದರೆ ಎರಡು ಬೇರೆ ಅಂಗಡಿಗಳ ಸರಕು. 1991ರಲ್ಲಿ ಸ್ವೀಡನ್ನಿನಲ್ಲಿ ಗುಸ್ತಾಫ್ಸನ್ ತಂಡ ಮನುಷ್ಯರ ಉಸಿರಿನಲ್ಲಿ ಎನ್‌ಓ ಇದೆ ಎಂದು ತೋರಿಸಿತು. 1995ರಲ್ಲಿ ಅಲ್ಲಿನ ಕರೋಲಿನ್‌ಸ್ಕಾ ವೈದ್ಯ ಸಂಸ್ಥೆಯ ಲುಂಡ್‌ಬರ್ಗ್ ತಂಡ ಮೂಗಿನ ಪಕ್ಕದ ಸೈನಸ್‌ಗಳಲ್ಲಿ ಅದು ಸಾವಿರಾರು ಪಿಪಿಬಿ ಮಟ್ಟದಲ್ಲಿದೆ ಎಂದು ಕಂಡುಕೊಂಡಿತು. ಸೈನಸ್‌ನ ಒಳಪೊರೆ ಆರೋಗ್ಯವಾಗಿದ್ದಾಗಲೂ ಎನ್‌ಓ ಮಾಡುತ್ತಲೇ ಇರುತ್ತದೆ, ಅಲರ್ಜಿ ಬೇಕಾಗಿಲ್ಲ. ಮೂಗಿನ ಅಳತೆಯಲ್ಲಿ ನಿಮಗೆ ಸಿಗುವುದರಲ್ಲಿ ಬಹುಪಾಲು ಆ ಗೂಡುಗಳಿಂದ ಸಣ್ಣ ಕಿಂಡಿಗಳ ಮೂಲಕ ಹೊರಬಂದದ್ದು.

ಅಲರ್ಜಿ ಬಂದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಐಎಲ್-4, ಐಎಲ್-13 ಎಂಬ ಅಲರ್ಜಿಯ ಸಂದೇಶವಾಹಕ ಪ್ರೋಟೀನುಗಳ ಪ್ರಚೋದನೆಯಿಂದ ಮೂಗಿನ ಒಳಪೊರೆ ಹೆಚ್ಚು ಎನ್‌ಓ ಮಾಡುತ್ತದೆ, ಅಂಕಿ ಮೇಲೆ ಹೋಗಬೇಕು. ಅದೇ ಹೊತ್ತಿಗೆ ಒಳಪೊರೆ ಊದಿಕೊಂಡು ಸೈನಸ್ ಕಿಂಡಿ ಮುಚ್ಚುತ್ತದೆ, ದೊಡ್ಡ ಉಗ್ರಾಣಕ್ಕೆ ಬೀಗ ಬೀಳುತ್ತದೆ, ಅಂಕಿ ಕೆಳಗೆ ಬರಬೇಕು. ಯಾವುದು ಗೆಲ್ಲುತ್ತದೋ ಅದು ಪರದೆಯ ಮೇಲೆ ಕಾಣುತ್ತದೆ. ನಿಮ್ಮ ಮೊದಲನೆಯವರಲ್ಲಿ ಉರಿಯೂತದ ಉತ್ಪಾದನೆ ಇಳಿದಿದೆ. ಎರಡನೆಯವರಲ್ಲಿ ಊತ ಇಳಿದು ಕಿಂಡಿ ತೆರೆದಿರಬಹುದು. ಮೊದಲ ಭೇಟಿಯ 340 ಅವರ ಎತ್ತರದ ಅಂಕಿಯೇ ಅಲ್ಲ, ಮುಚ್ಚಿದ ಬಾಗಿಲಿನ ಅಂಕಿ. ಅವರಿಗೆ ಎಂಡೋಸ್ಕೋಪಿ ಆಗಿದೆಯಾ? ಪಾಲಿಪ್ (ಒಳಪೊರೆಯಿಂದ ಬೆಳೆದ ಮೃದು ಗಡ್ಡೆ) ಇದ್ದರೆ ಮೂಗಿನ ಎನ್‌ಓ ತೀರಾ ತಗ್ಗಿರುವುದು ಸಾಮಾನ್ಯ, ಚಿಕಿತ್ಸೆಯಿಂದ ಮೇಲೇರುವುದೂ ಸಾಮಾನ್ಯ.

ಹೀಗಾಗಿ ಒಂದು ಸಲದ ಮೂಗಿನ ಅಂಕಿ ನೋಡಿ "ಅಲರ್ಜಿ ಜಾಸ್ತಿ, ಅಲರ್ಜಿ ಕಮ್ಮಿ" ಎನ್ನುವುದು ಆಗದ ಮಾತು.

ಬಾಯಿಯ ಅಂಕಿಗೆ ಬೇರೆ ಲೆಕ್ಕ. ಅಮೆರಿಕನ್ ಥೊರಾಸಿಕ್ ಸೊಸೈಟಿಯ 2011ರ ಮಾರ್ಗಸೂಚಿಯಂತೆ ವಯಸ್ಕರಲ್ಲಿ 25ಕ್ಕಿಂತ ಕಡಿಮೆ ತಗ್ಗು, 50ಕ್ಕಿಂತ ಹೆಚ್ಚು ಎತ್ತರ. ಮಕ್ಕಳಲ್ಲಿ 20 ಮತ್ತು 35. ಎರಡು ಭೇಟಿಗಳ ನಡುವೆ ನಿಜವಾಗಿ ಬದಲಾಗಿದೆ ಎನ್ನಬೇಕಾದರೆ, 50ರ ಮೇಲಿದ್ದವರಲ್ಲಿ 20 ಪ್ರತಿಶತಕ್ಕಿಂತ ಹೆಚ್ಚು, 50ರ ಕೆಳಗಿದ್ದವರಲ್ಲಿ 10 ಪಿಪಿಬಿಗಿಂತ ಹೆಚ್ಚು ವ್ಯತ್ಯಾಸ ಬೇಕು. 42ರಿಂದ 39, 18ರಿಂದ 16, ಇವೆರಡೂ "ಬದಲಾವಣೆ ಇಲ್ಲ". ಮೂಗಿಗೆ ಮಾತ್ರ ಸ್ಪ್ರೇ ಕೊಟ್ಟಿದ್ದರಿಂದ ಆಶ್ಚರ್ಯವೂ ಇಲ್ಲ.

ಆದರೆ ಆ 42 ನನ್ನ ಕಣ್ಣಿಗೆ ಬೀಳುತ್ತದೆ. ಅಲರ್ಜಿ ದೇಹದವರಲ್ಲಿ ಆಸ್ತಮಾ ಇಲ್ಲದೆಯೂ ಬಾಯಿಯ ಎನ್‌ಓ ಸ್ವಲ್ಪ ಮೇಲಿರುತ್ತದೆ, ನಿಜ. ಆದರೂ ರಾತ್ರಿ ಕೆಮ್ಮು, ಓಡಿದಾಗ ಎದೆ ಬಿಗಿತ ಕೇಳಿ, ಸ್ಪೈರೋಮೆಟ್ರಿ (ಜೋರಾಗಿ ಊದಿಸಿ ಶ್ವಾಸಕೋಶದ ಕೆಲಸ ಅಳೆಯುವ ಪರೀಕ್ಷೆ) ಮಾಡಿಸಿ. ಅಲರ್ಜಿ ನೆಗಡಿ ಕ್ಲಿನಿಕ್‌ನಲ್ಲಿ ಈ ಯಂತ್ರದ ನಿಜವಾದ ಉಪಯೋಗ ಅಲ್ಲೇ: ಮೂಗಿನ ರೋಗಿಯ ಕೆಳಗಿನ ಶ್ವಾಸನಾಳ ಏನು ಮಾಡುತ್ತಿದೆ ಎಂದು ಇಣುಕುವುದು.

ಊದುಕೊಳವೆ

ಅರ್ಥ ಮೇಲಿನವರು ಹೇಳಿದ್ದಾರೆ, ನಾನು ಕೈಕೆಲಸ ಹೇಳುತ್ತೇನೆ. ಕೆಲವರಿಗೆ ಬಿಗಿಹಿಡಿಯಲು, ಕೆಲವರಿಗೆ ಊದಲು ಹೇಳುತ್ತೀರಿ ಅಂದಿರಲ್ಲ, ಗೊಂದಲದ ಅರ್ಧ ಅಲ್ಲೇ ಹುಟ್ಟುತ್ತಿದೆ.

ಮೊದಲು ಬಾಯಿ. ಪರೀಕ್ಷೆಗೆ ಒಂದು ಗಂಟೆ ಮುಂಚಿನಿಂದ ತಿಂಡಿ, ಕಾಫಿ, ಸಿಗರೇಟು, ಓಟ ಬೇಡ. ಹಿಂದಿನ ಊಟದಲ್ಲಿ ಬೀಟ್‌ರೂಟ್ ಪಲ್ಯ, ಪಾಲಕ್ ಅಥವಾ ಹರಿವೆ ಸೊಪ್ಪಿನ ಸಾರು, ಮೂಲಂಗಿ ಇತ್ತಾ ಕೇಳಿ. ಇವುಗಳಲ್ಲಿ ನೈಟ್ರೇಟ್ ಜಾಸ್ತಿ, ಅಂಕಿ ಕೆಲವು ಗಂಟೆ ಮೇಲೇ ಇರುತ್ತದೆ. ಸಿಗರೇಟು ಉಲ್ಟಾ, ಇಳಿಸುತ್ತದೆ. ಸ್ಪೈರೋಮೆಟ್ರಿ ಇದ್ದರೆ ಅದು ಆಮೇಲೆ, ಏಕೆಂದರೆ ಜೋರಾಗಿ ಊದಿದ ಬಳಿಕ ಎನ್‌ಓ ಕೆಳಗಿಳಿದಿರುತ್ತದೆ. ವೈರಲ್ ನೆಗಡಿ ಇದ್ದವರನ್ನು ವಾಪಸ್ ಕಳಿಸಿ, ಪೂರ್ತಿ ಬಿಟ್ಟು ಕೆಲವು ವಾರದ ನಂತರ ಬರಲಿ.

ಕೂರಿಸಿ. ಮೂಗಿಗೆ ಕ್ಲಿಪ್ ಹಾಕಬೇಡಿ, ಕ್ಲಿಪ್ ಹಾಕಿದರೆ ಮೂಗಿನೊಳಗೆ ಎನ್‌ಓ ತುಂಬಿ ಹಿಂದಿನಿಂದ ಸೋರುತ್ತದೆ. ಉಸಿರು ಪೂರ್ತಿ ಬಿಟ್ಟು, ಫಿಲ್ಟರಿಗೆ ತುಟಿ ಬಿಗಿಯಾಗಿಟ್ಟು, ಯಂತ್ರದ ಮೂಲಕವೇ ಬಾಯಿಂದ ತುಂಬ ಎಳೆದುಕೊಳ್ಳಬೇಕು. ಇಲ್ಲಿ ಜನ ಮಾಡುವ ತಪ್ಪು ಒಂದೇ: ಕೊನೆಯ ಗುಟುಕು ಗಾಳಿಯನ್ನು ಮೂಗಿಂದ ಎಳೆಯುತ್ತಾರೆ. ಮೂಗಿಂದ ಬಂದ ಗಾಳಿಯಲ್ಲಿ ನೂರಾರು ಪಿಪಿಬಿ ಇದೆ, ಎಲ್ಲ ಕೆಟ್ಟಿತು. ಎಳೆದ ಮೇಲೆ ಬಿಗಿಹಿಡಿಯದೆ ಕೂಡಲೇ ನಿಧಾನಕ್ಕೆ ಊದಬೇಕು. ಬಾಯಲ್ಲಿ 5ರಿಂದ 20 ಸೆಂ.ಮೀ. ನೀರಿನಷ್ಟು ಒತ್ತಡ ಇರಬೇಕು, ಆಗ ಅಂಗುಳದ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. 12 ದಾಟಿದವರಿಗೆ ಕನಿಷ್ಠ 6 ಸೆಕೆಂಡ್, ಚಿಕ್ಕವರಿಗೆ 4. ಅರ್ಧ ನಿಮಿಷ ಬಿಟ್ಟು ಎರಡನೆಯದು, ಎರಡರ ನಡುವೆ 10 ಪ್ರತಿಶತಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯದು.

ಈಗ ಮೂಗು. ಇಲ್ಲಿಯೂ ಆಟ ಅಂಗುಳದ್ದೇ. ಅಂಗುಳ ಮುಚ್ಚದಿದ್ದರೆ ಪಂಪು ಗಂಟಲ ಕಡೆಯ ಗಾಳಿಯನ್ನೂ ಎಳೆದು ಅಂಕಿ ತೆಳುವಾಗುತ್ತದೆ. ಬಿಗಿಹಿಡಿದವರಲ್ಲಿ ಅಂಗುಳ ಮುಚ್ಚಿರಬಹುದು, ಇಲ್ಲದಿರಬಹುದು, ನಿಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಕ್ರಮ ಇರಲಿ: ಅಡೆತಡೆಯ ವಿರುದ್ಧ ಬಾಯಿಂದ ಊದುತ್ತಿರುವಾಗ ಮೂಗಿಂದ ಎಳೆಯುವುದು. ತಯಾರಕರ ರೆಸಿಸ್ಟರ್ ಇಲ್ಲದಿದ್ದರೆ ಜಾತ್ರೆಯಲ್ಲಿ ಸಿಗುವ, ಊದಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಪೀಪಿ ಸಾಕು. ಅದು ಬಿಚ್ಚಿಕೊಂಡೇ ಇದ್ದರೆ ಒತ್ತಡ ಇದೆ, ಸುರುಳಿ ಸುತ್ತಿಕೊಂಡರೆ ಹೋಯಿತು. ಪ್ರತಿಯೊಬ್ಬರಿಗೂ ಹೊಸದು. ಸ್ಟ್ರಾ ತುದಿಯನ್ನು ನೀರಿನಲ್ಲಿ 10 ಸೆಂ.ಮೀ. ಆಳಕ್ಕೆ ಅದ್ದಿ ಗುಳ್ಳೆ ಬರಿಸಿದರೂ ಕನಿಷ್ಠ 10 ಸೆಂ.ಮೀ. ನೀರಿನ ಒತ್ತಡ ಸಿಕ್ಕ ಹಾಗೆ, ಅಳತೆಗೆ ಸ್ಕೇಲ್ ಇಟ್ಟರೆ ಆಯಿತು.

ಹೊಳ್ಳೆಗೆ ಕೂರುವ ಬಿರಡೆ, ಆಲಿವ್ ಅನ್ನುತ್ತೇವಲ್ಲ, ಅದು ಮೂಗಿನ ಬಾಯಿಗೆ ಸುತ್ತಲೂ ಕೂರಬೇಕು. ಸಣ್ಣದಾದರೆ ಪಕ್ಕದಿಂದ ಕೋಣೆಯ ಗಾಳಿ ಸೇರಿ ಅಂಕಿ ಇಳಿಯುತ್ತದೆ. ಆಳಕ್ಕೆ ತುರುಕಿದರೆ ತೂತು ಒಳಗೋಡೆಗೆ ಅಂಟಿ ಹರಿವು ನಿಲ್ಲುತ್ತದೆ. ಇನ್ನೊಂದು ಹೊಳ್ಳೆ ತೆರೆದೇ ಇರಲಿ, ಗಾಳಿ ಅಲ್ಲಿಂದ ಒಳಬಂದು ಹಿಂದೆ ಸುತ್ತಿ ಇಲ್ಲಿಂದ ಹೊರಡಬೇಕು. ಗ್ರಾಫ್ ಕಾಣುವ ಯಂತ್ರವಾದರೆ ಕನಿಷ್ಠ 3 ಸೆಕೆಂಡ್ ಸಮತಟ್ಟು ಗೆರೆ ಬೇಕು. ಎರಡೂ ಹೊಳ್ಳೆಗಳಲ್ಲಿ ಎರಡೆರಡು ಸಲ ತೆಗೆದು ಸರಾಸರಿ ಹಾಕಿ. ಪರೀಕ್ಷೆಗೆ ಮುಂಚೆ ಸಿಂಬಳ ಮೆಲ್ಲಗೆ ಸೀಟಿ ಐದು ನಿಮಿಷ ಕೂರಲಿ. ಕ್ಸೈಲೋಮೆಟಾಜೋಲಿನ್ ಥರದ ಮೂಗು ಬಿಡಿಸುವ ಹನಿ ಅಂದು ಹಾಕಿರಬಾರದು, ರಕ್ತನಾಳ ಕುಗ್ಗಿಸಿ ಅದು ತಾನೇ ಅಂಕಿ ಇಳಿಸುತ್ತದೆ.

ಸೆನ್ಸರ್_ರಿಪೇರಿ

ಕರಾವಳಿ, ಮಳೆಗಾಲ, ತೆರೆದ ಕಿಟಕಿ. ಈ ಮೂರು ಪದ ಓದಿಯೇ ಬರೆಯುತ್ತಿದ್ದೇನೆ.

ದೊಡ್ಡ ಲ್ಯಾಬಿನ ಕೆಮಿಲ್ಯುಮಿನೆಸೆನ್ಸ್ ಯಂತ್ರದಲ್ಲಿ ಎನ್‌ಓ ಓಜೋನ್ ಜೊತೆ ಸೇರಿ ಬೆಳಕು ಬಿಡುತ್ತದೆ, ಆ ಬೆಳಕನ್ನು ಎಣಿಸುತ್ತಾರೆ, ಉತ್ತರ ಕ್ಷಣಕ್ಷಣಕ್ಕೂ ಬರುತ್ತದೆ. ನಿಮ್ಮದರಲ್ಲಿ ಹಾಗಲ್ಲ. ಉಸಿರಿನ ಕೊನೆಯ ಭಾಗವನ್ನು ಒಳಗೆ ಹಿಡಿದಿಟ್ಟು ಒಂದು ರಾಸಾಯನಿಕ ಕೋಶದ ಮೇಲೆ ಹಾಯಿಸುತ್ತದೆ, ಅಷ್ಟಿಷ್ಟು ವಿದ್ಯುತ್ ಹುಟ್ಟುತ್ತದೆ. ಆ ಕೋಶಕ್ಕೆ ತೇವ ಮತ್ತು ಬಿಸಿ ಎರಡೂ ಆಗಿಬರುವುದಿಲ್ಲ. ಚಾಲ್ತಿಯಲ್ಲಿರುವ ಒಂದು ಯಂತ್ರದ ಕೈಪಿಡಿ 16ರಿಂದ 30 ಡಿಗ್ರಿ ಸೆಲ್ಸಿಯಸ್, 20ರಿಂದ 60 ಪ್ರತಿಶತ ತೇವಾಂಶ ಎನ್ನುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೆರೆದ ಕಿಟಕಿ ಇಟ್ಟು 60 ಪ್ರತಿಶತ ಸಿಗುವುದು ಕನಸಿನ ಮಾತು. ಕಿಟಕಿ ಮುಚ್ಚಿ, ಎಸಿ ಹಾಕಿ, ಯಂತ್ರದ ಪಕ್ಕದಲ್ಲೇ ಒಂದು ಅಗ್ಗದ ತೇವಾಂಶ ಮಾಪಕ ಇಡಿ, ಆ ಅಂಕಿಯನ್ನೂ ರಿಜಿಸ್ಟರಿನಲ್ಲಿ ಬರೆಯಿರಿ. ಬೇರೆ ಕೋಣೆಯಿಂದ ತಂದ ಯಂತ್ರವನ್ನು ಕೂಡಲೇ ಊದಿಸಬೇಡಿ, ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ.

ಸ್ಯಾನಿಟೈಸರ್. ರೋಗಿ ಬಂದ ತಕ್ಷಣ ಕೈಗೆ ಆಲ್ಕೋಹಾಲ್ ರಬ್ ಹಾಕಿ, ಅದೇ ಒದ್ದೆ ಕೈಯಲ್ಲಿ ಯಂತ್ರ ಹಿಡಿಸುವುದು ಎಲ್ಲ ಕಡೆ ರೂಢಿಯಾಗಿದೆ. ಆಲ್ಕೋಹಾಲ್ ಆವಿ ಈ ಸೆನ್ಸರ್‌ಗಳನ್ನು ದಾರಿ ತಪ್ಪಿಸುತ್ತದೆ. ಯಂತ್ರ ಒರೆಸಲೂ ಬೇಡ, ಅದೇ ಮೇಜಿನ ಮೇಲೆ ಸ್ಪಿರಿಟ್ ಹತ್ತಿಯೂ ಬೇಡ, ನೆಲ ಒರೆಸುವ ದ್ರಾವಣದಲ್ಲೂ ಬೇಡ. ಸೋಪು ನೀರಲ್ಲಿ ಕೈ ತೊಳೆಸಿ.

ಇನ್ನೊಂದು ಸೂಕ್ಷ್ಮ. ಬಾಯಿಯ ಅಳತೆಯಲ್ಲಿ ರೋಗಿ ಎಳೆಯುವ ಗಾಳಿ ಹಿಡಿಯೊಳಗಿನ ಸ್ಕ್ರಬ್ಬರ್ ದಾಟಿ ಬರುತ್ತದೆ, ಕೋಣೆಯ ಎನ್‌ಓ ಅಲ್ಲೇ ನಿಲ್ಲುತ್ತದೆ. ಮೂಗಿನ ಅಳತೆಯಲ್ಲಿ ಇನ್ನೊಂದು ಹೊಳ್ಳೆಯಿಂದ ಕೋಣೆಯ ಗಾಳಿ ಹಾಗೇ ನುಗ್ಗುತ್ತದೆ. ಕ್ಲಿನಿಕ್ ಬಸ್ ನಿಲ್ದಾಣದ ಎದುರಿದ್ದು, ಡೀಸೆಲ್ ಹೊಗೆ ಒಳಬರುತ್ತಿದ್ದರೆ, ಅಥವಾ ಪಕ್ಕದಲ್ಲೇ ಗ್ಯಾಸ್ ಒಲೆಯಲ್ಲಿ ಚಹಾ ಕುದಿಯುತ್ತಿದ್ದರೆ ಆ ಎನ್‌ಓ ಕೂಡ ಲೆಕ್ಕಕ್ಕೆ ಸೇರುತ್ತದೆ. 800ರ ಮುಂದೆ 30 ಪಿಪಿಬಿ ದೊಡ್ಡದಲ್ಲ. ತಗ್ಗು ಅಂಕಿಯವರಲ್ಲಿ ಅದು ದೊಡ್ಡದು. ದಿನ ಶುರುವಾದಾಗ ಕೋಣೆಯ ಗಾಳಿಯನ್ನೊಮ್ಮೆ ಅಳೆದು ಬರೆದಿಡಿ.

ಸೆನ್ಸರ್ ಕೆಟ್ಟಿದೆಯೋ ಇಲ್ಲವೋ ನೋಡಲು: ಸಿಗರೇಟು ಸೇದದ, ನೆಗಡಿ ಇಲ್ಲದ, ಬಾಯಿಯ ಅಂಕಿ 5ರಿಂದ 40ರೊಳಗೆ ಸ್ಥಿರವಾಗಿರುವ ಒಬ್ಬ ಸಿಬ್ಬಂದಿಯನ್ನು ಗೊತ್ತುಮಾಡಿ. ಒಂದು ವಾರದಲ್ಲಿ ಬೇರೆ ಬೇರೆ ದಿನ ಮೂರು ಸಲ ಊದಿಸಿ ಸರಾಸರಿ ಇಟ್ಟುಕೊಳ್ಳಿ. ಮುಂದೆ ಅವರ ಅಂಕಿ ಆ ಸರಾಸರಿಯಿಂದ 10 ಪಿಪಿಬಿಗಿಂತ ಆಚೆ ಹೋದರೆ ಇನ್ನೊಮ್ಮೆ ನೋಡಿ, ಮತ್ತೆ ಹೋದರೆ ರೋಗಿಗಳನ್ನು ನಿಲ್ಲಿಸಿ. ಸೆನ್ಸರ್ ಮೇಲಿನ ಮುಗಿಯುವ ದಿನಾಂಕವನ್ನೂ ನೋಡಿ, ಪ್ಯಾಕೆಟ್ ತೆರೆದ ದಿನದಿಂದಲೂ ಅದಕ್ಕೆ ಬೇರೆ ಆಯುಷ್ಯ ಇರುತ್ತದೆ.

ಮೂಗುದಾರ

ಸ್ಯಾನಿಟೈಸರ್ ವಿಷಯ ನೇರ ತಾಗಿತು, ಮೇಜಿನ ಮೇಲೇ ಬಾಟಲಿ ಇದೆ. ಎರಡನೆಯವರಿಗೆ ಎಂಡೋಸ್ಕೋಪಿ ಆಗಿಲ್ಲ, ಡಾಕ್ಟರಿಗೆ ಹೇಳುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಒಂದು, ಬೇರೆ ಕಡೆಯ ರಿಪೋರ್ಟುಗಳಲ್ಲಿ ಮೂಗಿನ ಅಂಕಿ ನ್ಯಾನೊಲೀಟರ್ ಲೆಕ್ಕದಲ್ಲಿರುತ್ತದೆ, ಹೋಲಿಸುವುದು ಹೇಗೆ? ಎರಡು, ಭ್ರಾಮರಿ ಮಾಡಿದರೆ ಮೂಗಿನ ಎನ್‌ಓ ಏರುತ್ತದೆ ಅಂತ ಒಬ್ಬ ರೋಗಿ ಕಾಯುವ ಕುರ್ಚಿಯಲ್ಲೇ ಶುರು ಮಾಡಿದ್ದರು. ತಡೆಯಬೇಕಾ?

ಎಡಹೊಳ್ಳೆ

ತಡೆಯಲೇಬೇಕು. ಗುಂಯ್‌ಗುಡುವಾಗ ಸದ್ದಿನ ಅಲೆ ಸೈನಸ್‌ನ ಗಾಳಿಯನ್ನು ಕಿಂಡಿಯಲ್ಲಿ ಹಿಂದೆಮುಂದೆ ತಳ್ಳುತ್ತದೆ, ಸುಮ್ಮನೆ ಮೂಗಿಂದ ಬಿಟ್ಟ ಉಸಿರಿಗಿಂತ ಎನ್‌ಓ ಹಲವು ಪಟ್ಟು ಏರುತ್ತದೆ. 2002ರಲ್ಲಿ ವೈಟ್ಸ್‌ಬೆರ್ಗ್ ಮತ್ತು ಲುಂಡ್‌ಬರ್ಗ್ ಸುಮಾರು 15 ಪಟ್ಟು ಎಂದು ವರದಿ ಮಾಡಿದರು. ಆದರೆ ಸತತ ನಾಲ್ಕೈದು ಸಲ ಗುಂಯ್‌ಗುಟ್ಟಿದರೆ ಸೈನಸ್ ಬರಿದಾಗಿ ಏರಿಕೆ ಕುಗ್ಗುತ್ತದೆ, ಮತ್ತೆ ತುಂಬಲು ಕೆಲವು ನಿಮಿಷ ಬೇಕು. ಕುರ್ಚಿಯಲ್ಲಿ ಭ್ರಾಮರಿ ಮಾಡಿ ಎದ್ದು ಬಂದವರ ಅಂಕಿ ಅವರ ನಿತ್ಯದ ಅಂಕಿ ಅಲ್ಲ. ಹತ್ತು ನಿಮಿಷ ಸುಮ್ಮನೆ ಕೂರಿಸಿ, ಮಾತೂ ಕಡಿಮೆ ಇರಲಿ.

ಇದನ್ನೇ ಉಪಾಯವಾಗಿಯೂ ಬಳಸುತ್ತಾರೆ. ಕ್ಷಣಕ್ಷಣದ ಗ್ರಾಫ್ ಕೊಡುವ ಯಂತ್ರ ಇದ್ದರೆ, ಮೂಗಿಂದ ಒಮ್ಮೆ ಮೌನವಾಗಿ, ಆಮೇಲೆ ಮೂರು ನಿಮಿಷ ಬಿಟ್ಟು ಗುಂಯ್‌ಗುಡುತ್ತಾ ಬಿಡಿಸಿ. ಶಿಖರ ಎದ್ದರೆ ಕಿಂಡಿ ತೆರೆದಿದೆ. ಪಾಲಿಪ್ ತುಂಬಿದವರಲ್ಲಿ ಆ ಶಿಖರ ಏಳುವುದಿಲ್ಲ. ಶ್ವಾಸನಾಳ ಅವರು ಹೇಳಿದ ಬೀಗ ಬಿದ್ದಿದೆಯೋ ಇಲ್ಲವೋ ಎನ್ನುವುದಕ್ಕೆ ಇದಕ್ಕಿಂತ ಸರಳ ಪರೀಕ್ಷೆ ಕಾಣೆ. ನಿಮ್ಮ ಕೈಯಂತ್ರದಲ್ಲಿ ಮಾತ್ರ ಇದಾಗದು, ಅದು ಒಂದೇ ಅಂಕಿ ಕೊಡುತ್ತದೆ.

ನ್ಯಾನೊಲೀಟರ್ ಲೆಕ್ಕ: ಪಿಪಿಬಿಯನ್ನು ನಿಮಿಷಕ್ಕೆಷ್ಟು ಲೀಟರ್ ಎಳೆಯುತ್ತೀರೋ ಅದರಿಂದ ಗುಣಿಸಿ. ನಿಮ್ಮದು ಸೆಕೆಂಡಿಗೆ 5 ಮಿ.ಲೀ., ಅಂದರೆ ನಿಮಿಷಕ್ಕೆ 0.3 ಲೀಟರ್. ಎರಡನೆಯವರ 340 ಪಿಪಿಬಿ ನಿಮಿಷಕ್ಕೆ 102 ನ್ಯಾನೊಲೀಟರ್, 790 ಅಂದರೆ 237. ನಿಮಿಷಕ್ಕೆ 3 ಲೀಟರ್ ಎಳೆಯುವ ಯಂತ್ರದಲ್ಲಿ ಇದೇ ಮೂಗು ತೀರಾ ಸಣ್ಣ ಪಿಪಿಬಿ ತೋರಿಸುತ್ತದೆ, ಹತ್ತು ಪಟ್ಟು ಗಾಳಿಯಲ್ಲಿ ಕಲಸಿದ ಹಾಗೆ. ವೇಗ ಬರೆಯದ ಪಿಪಿಬಿ, ತೂಕ ಬರೆಯದ ಬೆಲೆಪಟ್ಟಿಯಂತೆ. ನ್ಯಾನೊಲೀಟರಿಗೆ ತಿರುಗಿಸಿದರೂ ಬೇರೆ ಬೇರೆ ವೇಗದವುಗಳನ್ನು ಒಂದಕ್ಕೊಂದು ಪೂರ್ತಿ ಸಮ ಅನ್ನಬೇಡಿ, ವೇಗ ಹೆಚ್ಚಿದಂತೆ ಒಟ್ಟು ಉತ್ಪತ್ತಿಯೂ ಸ್ವಲ್ಪ ಏರುತ್ತದೆ.

ಒಂದು ವಿಷಯಕ್ಕೆ ನನ್ನ ತಕರಾರಿದೆ. ಅಲರ್ಜಿ ನೆಗಡಿಯ ನಿಗಾಕ್ಕೆ ಮೂಗಿನ ಎನ್‌ಓ ತೆಗೆಯುವುದನ್ನೇ ನಿಲ್ಲಿಸಬಹುದು. 10 ಸೆಂ.ಮೀ. ಗೆರೆಯ ಮೇಲೆ "ಮೂಗು ಎಷ್ಟು ಕಾಡುತ್ತಿದೆ" ಎಂದು ಗುರುತು ಹಾಕಿಸಿದರೆ, 5 ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಚಿಕಿತ್ಸೆ ಸಾಲುತ್ತಿಲ್ಲ ಎಂದು ಗೊತ್ತಾಗುತ್ತದೆ, ಸೆನ್ಸರ್ ಖರ್ಚಿಲ್ಲದೆ.

ಶ್ವಾಸನಾಳ

ಗೆರೆಯ ಗುರುತು ಮೊದಲು, ಒಪ್ಪಿದೆ. ಆದರೆ ಮೂಗಿನ ಎನ್‌ಓ ಪೂರ್ತಿ ಬಿಸಾಡುವುದು ಅವಸರ. ಗೆರೆಯ ಗುರುತು 7, ಸ್ಪ್ರೇ ಸರಿಯಾಗಿ ಹಾಕುತ್ತಿದ್ದಾರೆ, ಮೂಗಿನ ಎನ್‌ಓ ಮತ್ತೆ ಮತ್ತೆ ತಗ್ಗು: ಇಂಥವರಲ್ಲಿ ಔಷಧಿ ಏರಿಸುವ ಮೊದಲು ಎಂಡೋಸ್ಕೋಪಿ ಹಾಕಿ ನೋಡಬೇಕು ಎಂದು ಆ ಅಂಕಿ ನೆನಪಿಸುತ್ತದೆ. ಬೆಂಗಳೂರಿನ ಕಡೆ ಕಾಂಗ್ರೆಸ್ ಗಿಡದ ಪರಾಗಕ್ಕೆ ಸೀನುವವರಲ್ಲಿ ಋತು ತಿರುಗಿದಂತೆ ಅಂಕಿಯೂ ತಿರುಗುತ್ತದೆ, ಆಗ ಹಿಂದಿನ ವರ್ಷದ ಅದೇ ತಿಂಗಳ ಅಂಕಿಯ ಜೊತೆಗೇ ಹೋಲಿಸಬೇಕು, ಕಳೆದ ತಿಂಗಳದ ಜೊತೆಗಲ್ಲ.

ಮೂಗುದಾರ ಅವರೇ, ಡಾಕ್ಟರಿಗೆ ಒಂದೇ ಕಾಲಂ ಕೊಡಬೇಡಿ. ಎರಡು ಅಂಕಿಯ ಸರಾಸರಿಯಂತೂ ಖಂಡಿತ ಬೇಡ. ನಾನಾದರೆ ಹೀಗೆ ಬರೆಸುತ್ತೇನೆ: "ಬಾಯಿ: 39 ಪಿಪಿಬಿ, ಸೆಕೆಂಡಿಗೆ 50 ಮಿ.ಲೀ., ಎರಡರ ಸರಾಸರಿ. ಮೂಗು: ಬಲ 600, ಎಡ 620 ಪಿಪಿಬಿ, ಸೆಕೆಂಡಿಗೆ 5 ಮಿ.ಲೀ., ಪೀಪಿ ಊದಿಸಿ. ಗೆರೆಯ ಗುರುತು 2. ಕೋಣೆ: 24 ಡಿಗ್ರಿ, ತೇವಾಂಶ 52, ಕೋಣೆಯ ಎನ್‌ಓ 9. ಮೂಗಿನ ಹನಿ ಇಲ್ಲ, ಸೊಪ್ಪು ಇಲ್ಲ, ವೈರಲ್ ನೆಗಡಿ ಇಲ್ಲ." ಹೊಳ್ಳೆ ಎರಡರ ನಡುವೆ ದೊಡ್ಡ ಅಂತರ ಇದ್ದರೆ ಸರಾಸರಿಯಲ್ಲಿ ಅದನ್ನು ಮುಚ್ಚಬೇಡಿ, ಬಿರಡೆ ಮತ್ತೆ ಕೂರಿಸಿ ನೋಡಿ, ಆಮೇಲೂ ಇದ್ದರೆ ಹಾಗೇ ಬರೆಯಿರಿ.

ಮೂಗುದಾರ

ಕೊನೆಯದೊಂದು. 9 ವರ್ಷದ ಹುಡುಗನಿಗೆ ಮೂಗು ಎರಡೂ ಕಡೆ 70ರ ಆಸುಪಾಸು ಪಿಪಿಬಿ ಬಂತು. ಅಲರ್ಜಿ ಎಂದೇ ಚೀಟಿಯಲ್ಲಿದೆ. ಪೀಪಿ ಊದಿಸಿಯೇ ತೆಗೆದದ್ದು, ಪೀಪಿ ಬಿಚ್ಚಿಕೊಂಡೇ ಇತ್ತು.

ಊದುಕೊಳವೆ

ಬಿರಡೆ ಸೋರಿತ್ತಾ ಮೊದಲು ನೋಡಿ. ಬಿರಡೆಯ ಬಾಯಿಗೆ ಬೆರಳು ಒತ್ತಿದರೆ ಯಂತ್ರ ಹರಿವಿನ ದೋಷ ತೋರಿಸಬೇಕು, ತೋರಿಸದಿದ್ದರೆ ಕೊಳವೆಯಲ್ಲೇ ಎಲ್ಲೋ ತೂತಿದೆ. ಕೊಳವೆಯೊಳಗೆ ನೀರ ಹನಿ ನಿಂತಿದೆಯಾ ಅದನ್ನೂ ನೋಡಿ. ಎಲ್ಲ ಸರಿಯಿದ್ದರೆ ಇನ್ನೊಂದು ದಿನ ಕರೆದು ಮತ್ತೆ ತೆಗೆಯಿರಿ.

ಶ್ವಾಸನಾಳ

ಮತ್ತೂ ಅಷ್ಟೇ ಬಂದರೆ ಅಲರ್ಜಿ ಎಂಬ ಚೀಟಿಯನ್ನು ಪಕ್ಕಕ್ಕಿಡಿ. 70ನ್ನು 0.3ರಿಂದ ಗುಣಿಸಿದರೆ 21 ನ್ಯಾನೊಲೀಟರ್. 5 ವರ್ಷ ದಾಟಿದವರಲ್ಲಿ, ಕೆಮಿಲ್ಯುಮಿನೆಸೆನ್ಸ್ ಯಂತ್ರದಲ್ಲಿ, ಅಂಗುಳ ಮುಚ್ಚಿ ತೆಗೆದಾಗ ನಿಮಿಷಕ್ಕೆ 77 ನ್ಯಾನೊಲೀಟರಿಗಿಂತ ಕಡಿಮೆ ಬಂದರೆ ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯಾ, ಅಂದರೆ ಶ್ವಾಸಮಾರ್ಗದ ಸೂಕ್ಷ್ಮ ರೋಮಗಳು ಹುಟ್ಟಿನಿಂದಲೇ ಸರಿಯಾಗಿ ಬಡಿಯದ ಕಾಯಿಲೆಯ ಕಡೆ ಯೋಚಿಸುತ್ತಾರೆ. ನಿಮ್ಮ ಸೆನ್ಸರಿಗೆ 77ರ ಗೆರೆ ಹಾಗೇ ಹೊಂದುವುದಿಲ್ಲ, ಆದರೆ 21 ಅದರಿಂದ ಬಹಳ ಕೆಳಗಿದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಲೋಳೆ ಗಟ್ಟಿಯಾಗುವ ಹುಟ್ಟು ಕಾಯಿಲೆಯಲ್ಲೂ ತಗ್ಗು ಬರಬಹುದು, ಬೆವರಿನ ಕ್ಲೋರೈಡ್ ಪರೀಕ್ಷೆ ಆಗಲಿ. ತಾಯಿಯನ್ನು ಕೇಳಿ: ಹುಟ್ಟಿದ ದಿನಗಳಲ್ಲಿ ಉಸಿರಿನ ತೊಂದರೆಗೆ ಮಗುವಿಗೆ ಆಕ್ಸಿಜನ್ ಕೊಟ್ಟಿದ್ದರಾ, ವರ್ಷವಿಡೀ ಒದ್ದೆ ಕೆಮ್ಮು ಇದೆಯಾ, ಕಿವಿ ಪದೇ ಪದೇ ಸೋರುತ್ತದಾ. ಹಳೆಯ ಎದೆ ಎಕ್ಸ್‌ರೇ ಇದ್ದರೆ ಹೃದಯ ಯಾವ ಕಡೆ ಇದೆ ಎಂದು ಇವತ್ತೇ ನೋಡಿ, ರೋಮಗಳ ಆ ಕಾಯಿಲೆಯಲ್ಲಿ ಅದು ಬಲಕ್ಕೂ ಇರಬಹುದು.